ಶನಿವಾರ ಹಳೆಯದು, ಸೋಮವಾರ ಹೊಸದು: ದಾಲ್ ಮಿಲ್ಲಿನ ಸಿಸ್ಟಮ್ ಒಂದೇ ಸಲ ಬದಲಿಸುವುದು ಹೇಗೆ

ಜನವರಿಯ ಒಂದು ಸೋಮವಾರ, ಬೆಳಿಗ್ಗೆ ಎಂಟು ಗಂಟೆ. ಕಲಬುರಗಿಯ ಒಂದು ದಾಲ್ ಮಿಲ್ಲಿನ ಗೇಟಿನಾಚೆ ತೊಗರಿ ತುಂಬಿದ ಗಾಡಿಗಳು ಸಾಲಾಗಿ ನಿಂತಿದ್ದವು. ಒಳಗೆ ಗಾಡಿ ತೂಗುವ ಕಾಟಾದ ಕೋಣೆಯಲ್ಲಿ ನಾನು ಆ ಚಳಿಯಲ್ಲೂ ಬೆವರುತ್ತ ಕೂತಿದ್ದೆ. ಹಿಂದಿನ ರಾತ್ರಿಯಷ್ಟೇ ಹದಿನಾಲ್ಕು ವರ್ಷದ ಹಳೆ ಸಾಫ್ಟ್‌ವೇರ್ ನಿಲ್ಲಿಸಿ ಹೊಸದು ಶುರು ಮಾಡಿದ್ದೆವು. ಮೊದಲ ಚೀಟಿ ಪ್ರಿಂಟಾಗಿ ಬಂತು. ಹೆಸರು ಸರಿ, ಗಾಡಿ ನಂಬರ್ ಸರಿ, ತೂಕವೂ ಸರಿ. ಆದರೆ ಬಾರದಾನದ ತೂಕ ಕಳೆದೇ ಇರಲಿಲ್ಲ.

ಕಾಟಾದ ಹುಡುಗ ಚೀಟಿ ನೋಡಿ ನಕ್ಕ. "ಸರ, ನಿಮ್ಮ ಹೊಸ ಮಷಿನ್ ಖಾಲಿ ಚೀಲಕ್ಕೂ ತೊಗರಿ ರೇಟ್ ಕೊಡ್ಲಕತ್ತದ ನೋಡ್ರಿ."

ಹಳೆ ಸಾಫ್ಟ್‌ವೇರ್ ಚೀಲಕ್ಕೆ ಇಷ್ಟು ಅಂತ ತಾನೇ ಕಳೆದುಕೊಳ್ಳುತ್ತಿತ್ತು. ಅದು ಪರದೆ ಮೇಲೆ ಎಲ್ಲೂ ಕಾಣಿಸುತ್ತಿರಲಿಲ್ಲ, ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ. ಅದನ್ನು ಬರೆದ ಹುಡುಗ ಊರು ಬಿಟ್ಟು ಎಷ್ಟೋ ವರ್ಷವಾಗಿತ್ತು. ಆ ದಿನ ಮಧ್ಯಾಹ್ನದವರೆಗೆ ಮಿಲ್ಲಿನ ಲೆಕ್ಕ ಬರೆಯುವ ಮುನೀಮರು ಕ್ಯಾಲ್ಕುಲೇಟರ್ ಹಿಡಿದು ಪ್ರತಿ ಚೀಟಿಯನ್ನೂ ಪೆನ್ನಿನಲ್ಲಿ ತಿದ್ದಿದರು. ಮಾಲಕರು ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಮಿಲ್ಲುಗಳಲ್ಲಿ, ಗಂಜ್‌ನ (ಧಾನ್ಯದ ಮಾರುಕಟ್ಟೆಯ) ಅಡತ್ ಅಂಗಡಿಗಳಲ್ಲಿ, ಒಂದೆರಡು ಆಸ್ಪತ್ರೆಗಳಲ್ಲಿ ಇದೇ ಕೆಲಸ ಮಾಡಿದ್ದೇನೆ. ಹಳೆಯದನ್ನು ನಿಲ್ಲಿಸಿ ಹೊಸದನ್ನು ಒಂದೇ ಸಲ ಶುರು ಮಾಡಬೇಕಾದವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ. ದಾಲ್ ಮಿಲ್ಲನ್ನೇ ಉದಾಹರಣೆಗೆ ಇಟ್ಟುಕೊಳ್ಳುತ್ತೇನೆ. ನಿಮ್ಮದು ಶಾಲೆಯೋ ಸೊಸೈಟಿಯೋ ಆಗಿದ್ದರೆ ತೊಗರಿ ಇದ್ದ ಕಡೆ ನಿಮ್ಮ ಸಾಮಾನು ಹಾಕಿ ಓದಿಕೊಳ್ಳಿ.

ಮೊದಲು ಕೇಳಬೇಕಾದ್ದು: ಒಂದೇ ಸಲ ಯಾಕೆ?

ನಮ್ಮ ಹಿರಿಯರಿಗೆ ಎರಡು ವ್ಯವಸ್ಥೆ ಒಟ್ಟಿಗೆ ಓಡಿದರೆ ಏನಾಗುತ್ತದೆ ಅಂತ ಚೆನ್ನಾಗಿ ಗೊತ್ತಿತ್ತು. ನಿಜಾಮರ ಕಾಲದ ಹಾಲಿ ಸಿಕ್ಕಾ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ಕೂಡಲೇ ಮಾಯವಾಗಲಿಲ್ಲ. ಭಾರತದ ರೂಪಾಯಿ, ಅಂದರೆ ಆಗಿನವರ ಬಾಯಲ್ಲಿ ಕಲ್ದಾರ್, ಅದರ ಜೊತೆಗೇ ಚಲಾವಣೆಯಲ್ಲಿತ್ತು. ಏಳು ಹಾಲಿಗೆ ಆರು ಕಲ್ದಾರ್ ಲೆಕ್ಕ. 1959ರಲ್ಲಿ ಹಾಲಿ ಪೂರ್ತಿ ರದ್ದಾಗುವವರೆಗೂ ಇದು ನಡೆಯಿತು. ನಿಧಾನವಾಗಿ ಬದಲಿಸಿದ್ದರಿಂದ ಯಾರ ದುಡ್ಡೂ ಒಂದೇ ದಿನದಲ್ಲಿ ಮುಳುಗಲಿಲ್ಲ, ಅದು ದೊಡ್ಡ ಲಾಭ. ಆದರೆ ಒಂದು ಅಂಗಡಿಯಲ್ಲಿ ಎರಡು ನಾಣ್ಯದ ಲೆಕ್ಕ ಇಡೋದು ಅಂದರೆ ಸುಮ್ನೆ ಅಲ್ಲ. ಏಳನ್ನು ಆರಕ್ಕೆ ಇಳಿಸುವಾಗಲೆಲ್ಲ ಚೂರುಪಾರು ಉಳಿಯುತ್ತದೆ. ಆ ಚೂರು ಯಾರ ಕಿಸೆಗೆ ಹೋಗಬೇಕು ಅನ್ನುವುದೇ ಒಂದು ಜಗಳ.

ಹಾಗಾದರೆ ನಿಧಾನವೇ ಒಳ್ಳೆಯದೋ, ಒಂದೇ ಏಟೋ? ನನ್ನ ಮಾತು ಇಷ್ಟು: ಎರಡೂ ಒಟ್ಟಿಗೆ ಬದುಕಬಲ್ಲವು ಅಂದರೆ ನಿಧಾನವೇ ಸರಿ. ಒಟ್ಟಿಗೆ ಇದ್ದರೆ ಒಂದನ್ನೊಂದು ಕೆಡಿಸುತ್ತವೆ ಅಂದಾಗ ಮಾತ್ರ ಒಂದೇ ಸಲ ಬದಲಿಸಿ. ಸ್ವೀಡನ್ ದೇಶ ರಸ್ತೆಯ ಎಡಬದಿಯಿಂದ ಬಲಬದಿಗೆ ಬದಲಾದದ್ದು 1967ರ ಸೆಪ್ಟೆಂಬರ್ 3ರ ಬೆಳಗಿನ ಜಾವ, ಒಂದೇ ಸಲ. ಮೊದಲು ಲಾರಿಗಳು ಬಲಕ್ಕೆ ಹೋಗಲಿ, ಕಾರುಗಳು ಮುಂದಿನ ತಿಂಗಳು ಬರಲಿ ಅನ್ನಲಿಕ್ಕೆ ಆಗುತ್ತದಾ?

ಮಿಲ್ಲಿನಲ್ಲಿ ಹೀಗೆ ಕೂಡಿ ಬದುಕಲಾರದ್ದು ಸ್ಟಾಕ್. ಗೋಡೌನ್ ಒಂದೇ. ಅರ್ಧ ಬಿಲ್ ಹಳೆಯದರಲ್ಲಿ, ಅರ್ಧ ಹೊಸದರಲ್ಲಿ ಮಾಡಿದರೆ ಎರಡೂ ಸುಳ್ಳು ಹೇಳುತ್ತವೆ. ಹಾಗಾಗಿ ಕಾಟಾ, ಸ್ಟಾಕ್, ಬಿಲ್ ಈ ಮೂರೂ ಒಂದೇ ರಾತ್ರಿ ಹೋಗಬೇಕು. ಆದರೆ ಕಾರ್ಮಿಕರ ಹಾಜರಿ, ಪಗಾರ, ಮಷಿನ್ ಬಿಡಿಭಾಗಗಳ ಸ್ಟೋರ್ ಇವುಗಳಿಗೆ ಆ ಅವಸರ ಇಲ್ಲ. ಅವನ್ನು ಎರಡು ತಿಂಗಳು ಮೊದಲೇ ಒಂದೊಂದಾಗಿ ಸಾಗಿಸಿ. ಜನಕ್ಕೆ ಹೊಸ ಪರದೆ ಪರಿಚಯ ಆಗುತ್ತದೆ, ಆ ರಾತ್ರಿಯ ಹೊರೆಯೂ ಇಳಿಯುತ್ತದೆ. "ಹೆಂಗೂ ಬದಲಿಸ್ತೀವಿ, ಎಲ್ಲಾ ಒಮ್ಮೆಗೇ ಮುಗಿಸಿ ಬಿಡ್ರಿ" ಅನ್ನುವ ಮಾಲಕರು ಪ್ರತಿ ಸಲವೂ ಸಿಗುತ್ತಾರೆ. ಅವರಿಗೆ ಚಹಾ ಕುಡಿಸಿ, ಒಪ್ಪಬೇಡಿ.

ಇನ್ನು ಕೆಲವರು ಒಂದು ತಿಂಗಳು ಎರಡರಲ್ಲೂ ಎಂಟ್ರಿ ಮಾಡಿಸೋಣ ಅನ್ನುತ್ತಾರೆ. ಕಾಗದದ ಮೇಲೆ ಇದು ಬಹಳ ಚಂದ. ನಾನು ಕಂಡದ್ದು ಬೇರೆ. ಮೊದಲ ದಿನ ಎರಡರಲ್ಲೂ ಮಾಡುತ್ತಾರೆ. ಎರಡನೇ ದಿನ ಹೊಸದರ ಎಂಟ್ರಿ ಸಂಜೆಗೆ ಹೋಗುತ್ತದೆ. ನಾಲ್ಕನೇ ದಿನ ನಾಳೆಗೆ ಹೋಗುತ್ತದೆ. ಎರಡರ ಲೆಕ್ಕ ತಾಳೆಯಾಗದಿದ್ದಾಗ ತಪ್ಪು ಸಾಫ್ಟ್‌ವೇರಿನದ್ದೋ, ಬಿಟ್ಟುಹೋದ ಎಂಟ್ರಿಯದ್ದೋ ಅಂತ ಹುಡುಕುವುದರಲ್ಲೇ ವಾರ ಕಳೆಯುತ್ತದೆ.

ದಿನ ಗೊತ್ತು ಮಾಡುವುದು

ನಾನು ಜನವರಿಯಲ್ಲಿ ಬದಲಿಸಿದ್ದೇ ಮೊದಲ ತಪ್ಪು. ತೊಗರಿ ಕಟಾವು ಡಿಸೆಂಬರ್, ಜನವರಿಯಲ್ಲಿ. ಆಗ ಗಂಜ್‌ನಲ್ಲಿ ಕಾಲಿಡಲು ಜಾಗ ಇರೋದಿಲ್ಲ. ಮಾಲು ಬರುವುದು ಕಡಿಮೆಯಾಗುವ ತನಕ ಯಾವ ಮಿಲ್ಲಿನಲ್ಲೂ ಹೊಸದೇನೂ ಮುಟ್ಟಬೇಡಿ.

ಹೆಚ್ಚಿನವರು ಏಪ್ರಿಲ್ 1 ಅನ್ನುತ್ತಾರೆ. ಹೊಸ ಹಣಕಾಸು ವರ್ಷ, ಹೊಸ ಬಿಲ್ ನಂಬರ್, ಆರಂಭಿಕ ಬಾಕಿ ಒಂದೇ ಸಲ ಹಾಕಿದರಾಯಿತು. ಇದು ನಿಜ. ಆದರೆ ಅದೇ ವಾರ ನಿಮ್ಮ ಲೆಕ್ಕ ಪರಿಶೋಧಕರು ಫೋನ್ ಎತ್ತುವುದಿಲ್ಲ, ಮುನೀಮರು ಹಳೆ ವರ್ಷ ಮುಗಿಸುವುದರಲ್ಲಿರುತ್ತಾರೆ. ಅದಕ್ಕೆ ಮುಂಚೆ ಮಾರ್ಚ್‌ನಲ್ಲಿ ಹೋಳಿ, ಹೋಳಿ ಆಗಿ ಐದನೇ ದಿನಕ್ಕೆ ಶರಣಬಸವೇಶ್ವರ ಜಾತ್ರೆ. ಹಮಾಲರೂ ಸಿಗುವುದಿಲ್ಲ, ಡ್ರೈವರುಗಳೂ ಸಿಗುವುದಿಲ್ಲ. ಮೇ ತಿಂಗಳಲ್ಲಿ ನಮ್ಮ ಊರಿನ ಬಿಸಿಲು ಗೊತ್ತಲ್ವಾ? ತಗಡಿನ ಛಾವಣಿಯ ಕೆಳಗಿನ ಸರ್ವರ್ ಮಧ್ಯಾಹ್ನ ಎರಡಕ್ಕೆ ತಾನಾಗಿಯೇ ಬಂದ್ ಆಗುವುದನ್ನು ನೋಡಿದ್ದೇನೆ.

ನನಗೆ ಹಿಡಿಸುವುದು ಜುಲೈ, ಆಗಸ್ಟ್. ಹೊಲದಲ್ಲಿ ತೊಗರಿ ಇನ್ನೂ ಸಣ್ಣ ಗಿಡ. ಗೋಡೌನ್ ಅರ್ಧ ಖಾಲಿ, ಹಾಗಾಗಿ ಚೀಲ ಎಣಿಸುವುದೂ ಸುಲಭ. ವರ್ಷದ ನಡುವೆ ಬದಲಿಸಿದರೆ ಬಿಲ್ ನಂಬರಿನ ತೊಂದರೆ ಇದೆಯಲ್ಲ ಅನ್ನಬಹುದು. ಜಿಎಸ್‌ಟಿ ನಿಯಮದ ಪ್ರಕಾರ ಬಿಲ್ ನಂಬರ್ ಕ್ರಮವಾಗಿರಬೇಕು, ಆ ಹಣಕಾಸು ವರ್ಷದಲ್ಲಿ ಎರಡು ಸಲ ಬರಬಾರದು, 16 ಅಕ್ಷರ ಮೀರಬಾರದು. ಒಂದಕ್ಕಿಂತ ಹೆಚ್ಚು ಸರಣಿ ಇಟ್ಟುಕೊಳ್ಳಬಹುದು. ಹೊಸ ಸರಣಿಗೆ ಮುಂದೆ ಬೇರೆ ಅಕ್ಷರ ಹಾಕಿ ಒಂದರಿಂದ ಶುರು ಮಾಡಿ. ಅಷ್ಟೇ.

ಅಮಾವಾಸ್ಯೆ ದಿನ ಬೇಡ ಅಂತ ಮಾಲಕರು ಹೇಳಿದರೆ ವಾದ ಮಾಡಬೇಡಿ. ಮೊದಲ ದಿನ ಏನೇ ಕೆಟ್ಟರೂ ಅಮಾವಾಸ್ಯೆಯ ತಲೆಗೆ ಕಟ್ಟುತ್ತಾರೆ, ನಿಜವಾದ ಕಾರಣ ಸಿಗೋದೇ ಇಲ್ಲ.

ಒಂದು ಚೀಲದ ಹಿಂದೆ ನಡೆಯಿರಿ

ಇಲ್ಲಿ ಎಷ್ಟು ಹೊತ್ತು ಕಳೆದರೂ ಕಡಿಮೆಯೇ. ಮೀಟಿಂಗಿನಲ್ಲಿ ಕೂತು ನಿಮ್ಮ ಕೆಲಸ ಹೇಗೆ ನಡೆಯುತ್ತದೆ ಅಂತ ಕೇಳಿದರೆ ಹೇಗೆ ನಡೆಯಬೇಕು ಅನ್ನುವುದನ್ನು ಹೇಳುತ್ತಾರೆ, ಹೇಗೆ ನಡೆಯುತ್ತಿದೆ ಅನ್ನುವುದನ್ನಲ್ಲ. ಅದಕ್ಕೆ ಗೇಟಿನಲ್ಲಿ ನಿಲ್ಲಿ. ಒಂದು ಗಾಡಿ ಆರಿಸಿಕೊಳ್ಳಿ. ಅದರ ಒಂದು ಚೀಲ ಕಾಟಾದಿಂದ ಗೋಡೌನಿಗೆ, ಅಲ್ಲಿಂದ ಮಷಿನ್ನಿಗೆ ಹೋಗಿ, ಬೇಳೆ, ನುಚ್ಚು, ಹೊಟ್ಟು ಆಗಿ, ಬಿಲ್ ಆಗಿ ಗೇಟ್ ದಾಟುವವರೆಗೆ ಹಿಂದೆಯೇ ಹೋಗಿ. ಕೈಯಲ್ಲಿ ನೋಟ್‌ಬುಕ್ ಇರಲಿ. ಯಾರು ಏನು ಬರೆದರೂ, ಎಲ್ಲಿ ಬರೆದರೂ ಅದನ್ನು ಗುರುತು ಹಾಕಿಕೊಳ್ಳಿ.

ಒಂದು ಮಿಲ್ಲಿನಲ್ಲಿ ಹೀಗೆ ನಡೆದಾಗ ಸಿಕ್ಕಿದ್ದನ್ನು ಹೇಳುತ್ತೇನೆ. ಹಮಾಲರ ಮೇಸ್ತ್ರಿಯ ಅಂಗಿ ಕಿಸೆಯಲ್ಲಿ ಬೀಡಿ ಕಟ್ಟಿನ ಜೊತೆಗೆ ಒಂದು ಸಣ್ಣ ಪುಸ್ತಕ. ಎಷ್ಟು ಚೀಲ ಇಳಿಸಿದರು, ಎಷ್ಟು ಏರಿಸಿದರು ಅಂತ ಗೆರೆ ಎಳೆದು ನಾಲ್ಕಕ್ಕೊಂದು ಅಡ್ಡಗೆರೆ. ವಾರದ ಕೂಲಿ ಕೊಡುವುದು ಆ ಪುಸ್ತಕ ನೋಡಿಯೇ. ಕಂಪ್ಯೂಟರಿನ ಲೆಕ್ಕ ತಪ್ಪಿದಾಗ ತಿದ್ದುತ್ತಿದ್ದದ್ದೂ ಆ ಪುಸ್ತಕ ನೋಡಿಯೇ! ಮಿಲ್ಲಿನ ನಿಜವಾದ ಸ್ಟಾಕ್ ರಿಜಿಸ್ಟರ್ ಅದೇ ಆಗಿತ್ತು, ಅದು ನಮ್ಮ ಯಾವ ಪಟ್ಟಿಯಲ್ಲೂ ಇರಲಿಲ್ಲ.

ಆಮೇಲೆ ಕಾಟಾದ ತಂತಿ. ತೂಕದ ಯಂತ್ರದಿಂದ ಕಂಪ್ಯೂಟರಿಗೆ ಹಳೆ ಕಾಲದ ಸೀರಿಯಲ್ ಕೇಬಲ್ ಬರುತ್ತದೆ. ಹೊಸ ಕಂಪ್ಯೂಟರಿಗೆ ಆ ತೂತೇ ಇರುವುದಿಲ್ಲ. ಕೆಲವು ನೂರು ರೂಪಾಯಿಯ ಒಂದು ಕನ್ವರ್ಟರ್ ಇಲ್ಲ ಅಂತ ಲಕ್ಷಾಂತರ ರೂಪಾಯಿಯ ಸಾಫ್ಟ್‌ವೇರ್ ಬಾಯಿ ಬಿಟ್ಟುಕೊಂಡು ನಿಲ್ಲುತ್ತದೆ. ಒಂದಲ್ಲ, ಎರಡು ತಂದಿಟ್ಟುಕೊಳ್ಳಿ.

ಹಳೆ ಸಿಸ್ಟಮ್ ಬಾಯಿಬಿಡದೆ ಮಾಡುವ ಕೆಲಸಗಳನ್ನು ಹಿಡಿಯಲು ನಾನು ಈಗ ಮಾಡುವುದು ಹೀಗೆ. ಹಳೆಯ ಐವತ್ತು ಚೀಟಿ ತೆಗೆದುಕೊಂಡು ಕೈಯಲ್ಲಿ ಲೆಕ್ಕ ಹಾಕುತ್ತೇನೆ. ಉತ್ತರ ಬೇರೆ ಬಂದರೆ ಅಲ್ಲೊಂದು ಗುಟ್ಟು ಇದೆ ಅಂತ ಅರ್ಥ. ಜನವರಿಯ ಆ ಬಾರದಾನ ಈ ಲೆಕ್ಕಕ್ಕೆ ಮೊದಲ ಚೀಟಿಯಲ್ಲೇ ಸಿಕ್ಕಿಬೀಳುತ್ತಿತ್ತು.

ಹೆಸರು, ಬಾಕಿ, ಮತ್ತು ಹನ್ನೊಂದು ಶರಣಪ್ಪರು

ಹಳೆ ಡೇಟಾ ಹೊಸದಕ್ಕೆ ತುಂಬುವಾಗ ನಮ್ಮ ಕಡೆ ಕಾಡುವುದು ಮುಖ್ಯವಾಗಿ ಹೆಸರುಗಳೇ.

ಹಳೆ ಸಾಫ್ಟ್‌ವೇರ್‌ಗಳಲ್ಲಿ ಕನ್ನಡ ಹೆಸರುಗಳು ಹೆಚ್ಚಾಗಿ ಹಳೆ ನುಡಿ, ಬರಹ ಫಾಂಟುಗಳಲ್ಲಿ ಇರುತ್ತವೆ. ಅದು ಯೂನಿಕೋಡ್ ಅಲ್ಲ. ಕಣ್ಣಿಗೆ ಕನ್ನಡ ಕಾಣುತ್ತದೆ, ಒಳಗೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆ ಇರುತ್ತವೆ. ಪರಿವರ್ತನೆ ಮಾಡದೆ ಸಾಗಿಸಿದರೆ ಇಡೀ ಪಟ್ಟಿ ಕಸವಾಗುತ್ತದೆ. ಪರಿವರ್ತನೆ ಮಾಡಿದರೂ ಅರ್ಕಾವತ್ತನ್ನು ನಂಬಬೇಡಿ. ಹಳೆ ಫಾಂಟಿನಲ್ಲಿ ಅದು ಅಕ್ಷರದ ನಂತರ ಕೂತಿರುತ್ತದೆ, ಯೂನಿಕೋಡ್‌ನಲ್ಲಿ ಮುಂಚೆ ಬರಬೇಕು. ಕನ್ವರ್ಟರ್ ಎಡವಿದರೆ ಧರ್ಮಣ್ಣನ ಹೆಸರಿನ ನಡುವೆ ಯಾವುದೋ ಪರದೇಶದ ಅಕ್ಷರ ಬಂದು ಕೂರುತ್ತದೆ. ಅರ್ಕಾವತ್ತು ಇರುವ ಹೆಸರನ್ನೆಲ್ಲ ಬೇರೆ ತೆಗೆದು ಒಂದೊಂದಾಗಿ ಕಣ್ಣಲ್ಲೇ ನೋಡಿ.

ಮುಂದಿನದು ಒಂದೇ ಹೆಸರಿನವರು. ಒಂದು ಅಂಗಡಿಯ ಖಾತೆಯಲ್ಲಿ ಹನ್ನೊಂದು ಶರಣಪ್ಪರಿದ್ದರು. ಕಿರ್ದಿ ಬರೆಯುವ ಮುನೀಮರಿಗೆ ಯಾರು ಯಾರು ಅಂತ ಗೊತ್ತು: ಆಳಂದದ ಶರಣಪ್ಪ, ಕುಂಟ ಎತ್ತಿನ ಶರಣಪ್ಪ, ಬಾಕಿ ಕೊಡದ ಶರಣಪ್ಪ. ಹೊಸ ಸಾಫ್ಟ್‌ವೇರ್ ಒಂದೇ ಹೆಸರು ಕಂಡು ಮೂವರನ್ನು ಒಬ್ಬನಾಗಿ ಮಾಡಿತ್ತು. ಪುಣ್ಯಕ್ಕೆ ತಾಲೀಮಿನಲ್ಲೇ ಸಿಕ್ಕಿತು. ಹೆಸರಿನ ಮೇಲೆ ಯಾವತ್ತೂ ಹೊಂದಿಸಬೇಡಿ. ಊರು, ಫೋನ್ ನಂಬರ್ ಸೇರಿಸಿ. ಮುನೀಮರನ್ನು ಎರಡು ದಿನ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವರ ತಲೆಯಲ್ಲಿರುವುದು ಯಾವ ಕಂಪ್ಯೂಟರಿನಲ್ಲೂ ಇಲ್ಲ.

ಕೊನೆಗೆ ನಾಲ್ಕು ಮೊತ್ತ ತಾಳೆಯಾಗಬೇಕು: ಕೊಡುವ ಬಾಕಿ, ಬರುವ ಬಾಕಿ, ಗೋಡೌನಿನ ಚೀಲ, ಕೈಯಲ್ಲಿನ ನಗದು. ಹಳೆಯದರ ಮೊತ್ತ ಬರೆದು ಮಾಲಕರ ಸಹಿ ಹಾಕಿಸಿ. ಹೊಸದರಲ್ಲಿ ಒಂದು ರೂಪಾಯಿ ವ್ಯತ್ಯಾಸ ಬಂದರೂ ಮುಂದೆ ಹೋಗಬೇಡಿ. ಒಂದು ರೂಪಾಯಿ ಅಂದರೆ ಒಂದು ಕಡೆ ಹತ್ತು ಸಾವಿರ ಹೆಚ್ಚು, ಇನ್ನೊಂದು ಕಡೆ ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಕಡಿಮೆ ಇದ್ದಿರಬಹುದು.

ತಾಲೀಮು

1886ರಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ರೈಲು ಕಂಪನಿಗಳು ಸುಮಾರು 11,500 ಮೈಲಿ ಹಳಿಯ ಅಗಲವನ್ನು ಎರಡೇ ದಿನದಲ್ಲಿ ಬದಲಿಸಿದವು. ಐದು ಅಡಿ ಇದ್ದದ್ದನ್ನು ಮೂರು ಇಂಚು ಒಳಗೆ ತಂದರು. ಕೇಳಿದರೆ ಜಾದೂ ಅನ್ನಿಸುತ್ತದೆ. ಆದರೆ ಹೊಸ ಜಾಗದಲ್ಲಿ ಮೊಳೆಗಳನ್ನು ವಾರಗಳ ಮುಂಚೆಯೇ ಹೊಡೆದಿಟ್ಟಿದ್ದರು. ಆ ದಿನ ಉಳಿದದ್ದು ಹಳೆ ಮೊಳೆ ಕಿತ್ತು, ಹಳಿ ಸರಿಸಿ, ಹೊರಗಿನ ಮೊಳೆ ಹೊಡೆಯುವುದು.

ಇಂಟರ್ನೆಟ್ಟಿನ ಕಥೆಯೂ ಹಾಗೇ. ಅದರ ತಾಯಿಯಾದ ಅರ್ಪಾನೆಟ್, ಕಂಪ್ಯೂಟರುಗಳು ಒಂದಕ್ಕೊಂದು ಮಾತಾಡುವ ಹಳೆಯ ಪದ್ಧತಿಯಾದ ಎನ್‌ಸಿಪಿ ಬಿಟ್ಟು ಹೊಸ ಪದ್ಧತಿಯಾದ ಟಿಸಿಪಿ/ಐಪಿಗೆ ಬಂದದ್ದು 1983ರ ಜನವರಿ 1ರಂದು. ಒಂದೇ ದಿನ ಅಂತ ಎಲ್ಲರೂ ಹೇಳುತ್ತಾರೆ. ಯೋಜನೆ 1981ರಲ್ಲೇ ಬರೆದಿದ್ದರು. 1982ರಲ್ಲಿ ಹಳೆಯದನ್ನು ಒಮ್ಮೆ ಒಂದು ದಿನ, ಆಮೇಲೆ ಇನ್ನೊಮ್ಮೆ ಎರಡು ದಿನ ಬೇಕಂತಲೇ ನಿಲ್ಲಿಸಿ, ಯಾರು ಇನ್ನೂ ತಯಾರಿಲ್ಲ ಅಂತ ನೋಡಿದರು.

ಈ ಉಪಾಯ ನನಗೆ ಬಹಳ ಇಷ್ಟ. ಬದಲಾವಣೆಗೆ ಎರಡು ವಾರ ಮೊದಲು, ಒಂದು ಭಾನುವಾರ, ಹಳೆ ಕಂಪ್ಯೂಟರಿನ ಸ್ವಿಚ್ ತೆಗೆದುಬಿಡಿ. ನಾಲ್ಕು ಗಾಡಿ ತರಿಸಿ. ಹೊಸದರಲ್ಲೇ ಕಾಟಾ, ಚೀಟಿ, ಬಿಲ್ ಎಲ್ಲ ಮಾಡಿಸಿ. ನೀವು ಮಾಡಬೇಡಿ, ದಿನಾ ಮಾಡುವವರೇ ಮಾಡಲಿ. ನೀವು ಕೈ ಕಟ್ಟಿಕೊಂಡು ಗಡಿಯಾರ ನೋಡಿ. ಹಳೆಯದರಲ್ಲಿ ಒಂದು ಗಾಡಿಗೆ ಐದು ನಿಮಿಷ ಹಿಡಿಯುತ್ತಿದ್ದು ಹೊಸದರಲ್ಲಿ ಹನ್ನೆರಡು ಹಿಡಿದರೆ, ಸೀಸನ್ನಿನಲ್ಲಿ ಗಾಡಿ ಸಾಲು ರಸ್ತೆಗೆ ಬರುತ್ತದೆ.

ತಾಲೀಮು ಅರ್ಧ ಮಾಡಬೇಡಿ. ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಸುಮಾರು 50 ಲಕ್ಷ ಗ್ರಾಹಕರನ್ನು ಒಂದೇ ವಾರಾಂತ್ಯದಲ್ಲಿ ಹೊಸ ಸಿಸ್ಟಮ್‌ಗೆ ಸಾಗಿಸಿತು. 19 ಲಕ್ಷ ಜನಕ್ಕೆ ತಮ್ಮ ಖಾತೆ ತೆರೆಯಲಾಗಲಿಲ್ಲ. ಎಲ್ಲ ಸರಿಹೋಗುವಾಗ ಡಿಸೆಂಬರ್ ಬಂದಿತ್ತು. ನಿಯಂತ್ರಕರು 2022ರಲ್ಲಿ ಹಾಕಿದ ದಂಡ 4.865 ಕೋಟಿ ಪೌಂಡ್. ಅವರ ಬಳಿ ಎರಡು ಡೇಟಾ ಸೆಂಟರ್ ಇದ್ದವು, ಹೊರೆ ತಡೆಯುತ್ತದಾ ಅಂತ ಪರೀಕ್ಷೆ ಮಾಡಿದ್ದು ಒಂದರಲ್ಲಿ ಮಾತ್ರ. ನಮ್ಮಲ್ಲೂ ಹಾಗೇ: ಎರಡು ಕಾಟಾ ಇದ್ದರೆ ಎರಡನ್ನೂ ಪರೀಕ್ಷಿಸಿ. ಹಿಂದಿನ ಗೇಟಿನ ಪ್ರಿಂಟರನ್ನೂ ಬಿಡಬೇಡಿ.

ವಾಪಸ್ ಬರುವ ದಾರಿ

ಹೊಸದು ನಡೆಯದಿದ್ದರೆ ಹಳೆಯದಕ್ಕೆ ಹೋಗೋಣ ಅಂತ ಎಲ್ಲರೂ ಹೇಳುತ್ತಾರೆ. ಯಾವಾಗ, ಯಾರು ಹೇಳಿದರೆ, ಎಷ್ಟು ಹೊತ್ತಿನಲ್ಲಿ ಅಂತ ಕೇಳಿದರೆ ಉತ್ತರ ಇರುವುದಿಲ್ಲ. ಮೊದಲೇ ಬರೆದು ಗೋಡೆಗೆ ಅಂಟಿಸಿ: ಭಾನುವಾರ ಸಂಜೆ ಆರಕ್ಕೆ ನಾಲ್ಕು ಮೊತ್ತ ತಾಳೆಯಾಗಿರದಿದ್ದರೆ ವಾಪಸ್. ಸೋಮವಾರ ಹನ್ನೊಂದರೊಳಗೆ ಹತ್ತು ಗಾಡಿ ಸರಿಯಾಗಿ ದಾಟದಿದ್ದರೆ ವಾಪಸ್. ಅದನ್ನು ಹೇಳುವುದು ಒಬ್ಬರೇ. ಸಾಫ್ಟ್‌ವೇರ್ ಮಾರಿದವನಂತೂ ಅಲ್ಲ. ಅವನಿಗೆ ಯಾವತ್ತೂ ಇನ್ನು ಹತ್ತೇ ನಿಮಿಷ ಸಾಕು.

ಸೋಮವಾರ ಹೊಸದರಲ್ಲಿ ಆದ ವ್ಯವಹಾರ ಹಳೆಯದರಲ್ಲಿ ಇರುವುದಿಲ್ಲ, ಅದನ್ನು ಮರೆಯುವವರು ಜಾಸ್ತಿ. ಹಾಗಾಗಿ ಮೊದಲ ಮೂರು ದಿನ ಕಾರ್ಬನ್ ಹಾಳೆಯ ಚೀಟಿ ಪುಸ್ತಕ ಇಟ್ಟು, ಪ್ರತಿ ಗಾಡಿಯ ನಂಬರ್, ಹೆಸರು, ತೂಕ ಕೈಯಲ್ಲೂ ಬರೆಸಿ. ವಾಪಸ್ ಹೋಗಬೇಕಾದರೆ ಅದನ್ನು ನೋಡಿ ಹಳೆಯದಕ್ಕೆ ತುಂಬಬಹುದು. ಕರೆಂಟ್ ಹೋದರೂ ಅದೇ ಕೈ ಹಿಡಿಯುತ್ತದೆ.

ಕೆಲವೊಮ್ಮೆ ವಾಪಸ್ ದಾರಿಯೇ ಇರುವುದಿಲ್ಲ. 2017ರ ಜುಲೈ 1ರ ಜಿಎಸ್‌ಟಿ ನೆನಪಿದೆಯಲ್ಲ? ಹಿಂದಿನ ರಾತ್ರಿ ವ್ಯಾಟ್, ಮಧ್ಯರಾತ್ರಿ ದಾಟಿದರೆ ಜಿಎಸ್‌ಟಿ. ಮೊದಲು ಯೋಚಿಸಿದ್ದ ಮೂರು ರಿಟರ್ನ್‌ಗಳ ಪದ್ಧತಿ ನಡೆಯಲಿಲ್ಲ. ಹಿಂದಕ್ಕೆ ಹೋಗುವ ಹಾಗಿರಲಿಲ್ಲ, ಅದಕ್ಕೆ 3ಬಿ ಅನ್ನುವ ಸಣ್ಣ ರಿಟರ್ನ್ ತಾತ್ಕಾಲಿಕ ಅಂತ ತಂದರು. ಆ ತಾತ್ಕಾಲಿಕವೇ ಇಂದಿಗೂ ನಡೆಯುತ್ತಿದೆ. ಹಿಂದೆ ದಾರಿ ಇಲ್ಲದಿದ್ದರೆ ಪಕ್ಕಕ್ಕೆ ಒಂದು ಕಾಲುದಾರಿಯಾದರೂ ಇರಲಿ: ತೂಕದ ಚೀಟಿ ಮಾತ್ರ ಹೊಸದರಲ್ಲಿ, ಬಿಲ್ ಎರಡು ದಿನ ಕೈಬರಹದಲ್ಲಿ, ಹೀಗೆ ಏನಾದರೂ.

ಆ ರಾತ್ರಿ

ತಾಲೀಮು ಸರಿಯಾಗಿದ್ದರೆ ಇಲ್ಲಿ ಹೇಳಲು ಜಾಸ್ತಿ ಇಲ್ಲ. ಶನಿವಾರ ಸಂಜೆ ಕೊನೆಯ ಗಾಡಿ ಹೋದ ಮೇಲೆ ಹಳೆಯದರಲ್ಲಿ ಎಂಟ್ರಿ ಬಂದ್. ಬ್ಯಾಕಪ್ ಎರಡು ಪ್ರತಿ, ಒಂದು ಮಾಲಕರ ಮನೆಗೆ. ರಾತ್ರಿ ಡೇಟಾ ಸಾಗಣೆ. ಭಾನುವಾರ ಬೆಳಿಗ್ಗೆ ಗೋಡೌನಿನಲ್ಲಿ ಚೀಲ ಎಣಿಕೆ, ಮಧ್ಯಾಹ್ನ ಮೊತ್ತಗಳ ತಾಳೆ, ಸಂಜೆ ಆರಕ್ಕೆ ಹೂಂ ಅಥವಾ ಊಹೂಂ. ಜನರೇಟರಿಗೆ ಡೀಸೆಲ್ ತುಂಬಿಸಿಡಿ. ಆ ರಾತ್ರಿ ಸಾಫ್ಟ್‌ವೇರಿನಲ್ಲಿ ಹೊಸದೇನನ್ನೂ ಸೇರಿಸಬೇಡಿ. "ಇದೊಂದು ಸಣ್ಣ ರಿಪೋರ್ಟ್ ಹಾಕಿಕೊಡ್ರಿ" ಅನ್ನುವ ದನಿ ಹತ್ತು ಗಂಟೆಗೆ ಖಂಡಿತ ಬರುತ್ತದೆ. ಊಟ ತರಿಸಿ, ಎರಡು ಪಾಳಿ ಮಾಡಿ, ಅರ್ಧ ಜನ ಮಲಗಲಿ. ಸೋಮವಾರ ಬೆಳಿಗ್ಗೆ ನಿದ್ದೆಗೆಟ್ಟವರ ಕೈಗೆ ಕಾಟಾ ಕೊಡಬೇಡಿ.

ಮೊದಲ ವಾರ

ಸೋಮವಾರ ನೀವು ಕೂರಬೇಕಾದ ಜಾಗ ಆಫೀಸಿನ ಎಸಿ ಕೋಣೆ ಅಲ್ಲ, ಕಾಟಾದ ಪಕ್ಕ. ಅಲ್ಲಿನ ಹುಡುಗನಿಗೆ ಮೊದಲ ದಿನ ಪ್ರತಿ ಗಾಡಿಗೂ ಒಂದು ಅನುಮಾನ ಬರುತ್ತದೆ, ಅದನ್ನು ಆಗಲೇ ಬಗೆಹರಿಸಿದರೆ ಮೂರನೇ ದಿನ ಅವನೇ ಬೇರೆಯವರಿಗೆ ಹೇಳಿಕೊಡುತ್ತಾನೆ.

ದಿನಾ ಸಂಜೆ ಅದೇ ನಾಲ್ಕು ಮೊತ್ತ ತೆಗೆದು, ಚೀಲದ ಲೆಕ್ಕವನ್ನು ಹಮಾಲರ ಮೇಸ್ತ್ರಿಯ ಪುಸ್ತಕದ ಜೊತೆ ಹೋಲಿಸಿ. ಹೌದು, ಬೀಡಿ ಕಟ್ಟಿನ ಪಕ್ಕದ ಆ ಪುಸ್ತಕವೇ. ದೂರುಗಳನ್ನೆಲ್ಲ ಒಂದೇ ನೋಟ್‌ಬುಕ್ಕಿನಲ್ಲಿ ಬರೆಸಿ. ವಾಟ್ಸಾಪ್ ಗುಂಪಿಗೆ ಹಾಕಿದ ದೂರು ಶುಭೋದಯದ ಹೂಗಳ ನಡುವೆ ಕಳೆದುಹೋಗುತ್ತದೆ. ದುಡ್ಡು, ತೂಕ ತಪ್ಪಿದ್ದು ಅವತ್ತೇ ಸರಿಯಾಗಬೇಕು. ಬಣ್ಣ ಚೆನ್ನಾಗಿಲ್ಲ, ಅಕ್ಷರ ಸಣ್ಣದು ಅನ್ನುವುದು ಮುಂದಿನ ತಿಂಗಳಿಗೆ ಇರಲಿ.

ಮುನೀಮರ ಬಗ್ಗೆ ಒಂದು ಮಾತು. ಮೂವತ್ತು ವರ್ಷ ಕಿರ್ದಿ ಬರೆದವರು ಹೊಸ ಪರದೆಯ ಮುಂದೆ ಮೊದಲ ವಾರ ಹುಡುಗರಿಗಿಂತ ನಿಧಾನವಾಗಿರುತ್ತಾರೆ. ಎಲ್ಲರೆದುರು ಅವರನ್ನು ತಿದ್ದಬೇಡಿ. ಮಧ್ಯಾಹ್ನ ಊಟದ ಹೊತ್ತಿಗೆ ಒಬ್ಬರೇ ಇದ್ದಾಗ ಹೇಳಿಕೊಡಿ. ಜನವರಿಯ ಆ ಸೋಮವಾರ ಕ್ಯಾಲ್ಕುಲೇಟರ್ ಹಿಡಿದು ನನ್ನ ಮಾನ ಉಳಿಸಿದವರೂ ಇಂಥವರೇ.

ಹಳೆ ಕಂಪ್ಯೂಟರ್

ಹೊಸದು ಚೆನ್ನಾಗಿ ನಡೆಯಿತು ಅಂತ ಹಳೆಯದನ್ನು ಗುಜರಿಗೆ ಹಾಕಬೇಡಿ. ಜಿಎಸ್‌ಟಿ ಕಾನೂನಿನ ಪ್ರಕಾರ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್‌ನ ಕೊನೆ ದಿನದಿಂದ 72 ತಿಂಗಳು ಇಡಬೇಕು. ಎಂಟ್ರಿ ಮಾಡಲು ಆಗದ ಹಾಗೆ ಪಾಸ್‌ವರ್ಡ್ ಬದಲಿಸಿ, ನೋಡಲಿಕ್ಕೆ ಮಾತ್ರ ಬಿಡಿ. ಹಳೆ ಖಾತೆಗಳನ್ನೆಲ್ಲ ಪಿಡಿಎಫ್ ಮಾಡಿ ಬೇರೆ ಡಿಸ್ಕಿನಲ್ಲೂ ಇಡಿ. ಪ್ರತಿ ದೀಪಾವಳಿಗೆ ಅಂಗಡಿಯಲ್ಲಿ ಲಕ್ಷ್ಮೀ ಪೂಜೆ ಮಾಡುತ್ತೀರಲ್ಲ, ಆ ದಿನ ಹಳೆ ಕಂಪ್ಯೂಟರಿನ ಧೂಳು ಒರೆಸಿ ಒಮ್ಮೆ ಚಾಲೂ ಮಾಡಿ ನೋಡಿ. ಚಾಲೂ ಆಗದಿದ್ದರೆ ಅವತ್ತೇ ರಿಪೇರಿಗೆ ಕೊಡಿ.